ನಿಷತ ಹೇಳಿದ್ದು, ಶಾಹಿಸ್ತಾ ಹೇಳದ್ದು

ತಾಂಬಾದ ಮೋದಿನಸಾಬನ ಮನೆಗೆ ಮಗಳು ನಿಷತ ಎರಡು ಬ್ಯಾಗು ಹೊತ್ತುಕೊಂಡು ಬಂದಿಳಿದ ದಿನದಿಂದಲೇ ಸೊಸೆ ಶಾಹಿಸ್ತಾಳ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಹೊರಗೆ ಮಾತ್ರ ಆಕೆ ನಗುನಗುತ್ತ ಬಾಗಿಲಿಗೆ ಬಂದು, ನಾದಿನಿಯ ಕೈಯ ಬ್ಯಾಗು ಇಸಿದುಕೊಂಡು, "ಬಾರವ್ವ, ಎಷ್ಟು ಸೊರಗೀದಿ" ಎಂದು ಕೈಕಾಲಿಗೆ ನೀರು ಕೊಟ್ಟಳು. ಸೊರಗಿದ್ದೇನೋ ನಿಜ. ಆದರೆ ಸೊರಗಿದರೂ ಚಂದ ಕಾಣುತ್ತಾಳಲ್ಲ ಈ ಮೂಳಿ ಎಂಬುದು ಶಾಹಿಸ್ತಾಳ ಮನಸ್ಸಿನಲ್ಲಿ ಬಂದ ಮೊದಲ ಮಾತು.

ನಿಷತ ಐದು ಸಾವಿರ ಮೀಟರು ಓಡುವ ಹುಡುಗಿ. ಓಟದ ಬಲದ ಮೇಲೆಯೇ ರೈಲ್ವೆಯಲ್ಲಿ ನೌಕರಿ ಹಿಡಿದು ಹುಬ್ಬಳ್ಳಿಯಲ್ಲಿದ್ದಳು. ದೇಶದ ಮಟ್ಟದಲ್ಲಿ ಎರಡು ಪದಕ ತಂದಿದ್ದಳು. ಎರಡು ವರ್ಷದ ಹಿಂದೆ ಬಲಗಾಲಿನ ಮುಂಗಾಲೆಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಎಲುಬು ಆರು ತಿಂಗಳಿಗೆ ಕೂಡಿಕೊಂಡಿತು, ಹುಡುಗಿ ಮಾತ್ರ ಹಾಸಿಗೆ ಬಿಟ್ಟು ಏಳಲಿಲ್ಲ. ಮನೆಯವರಿಗೆ ಗೊತ್ತಿದ್ದದ್ದು "ಕಾಲು ನೋವು" ಅಂತ ಅಷ್ಟೇ. ಹೋದ ತಿಂಗಳು ಫೋನಿನಲ್ಲಿ ಆಟೋಟದ ಸುದ್ದಿ ತೋರಿಸುವವರು ಆಕೆಯನ್ನು ಮಾತಾಡಿಸಿದರು. ಹುಡುಗಿ ಒಂದನ್ನೂ ಮುಚ್ಚಿಡಲಿಲ್ಲ. ಏಳು ತಿಂಗಳು ಮಲಗಿಯೇ ಇದ್ದದ್ದು, ತಲೆ ಬಾಚಿಕೊಳ್ಳಲೂ ಕೈ ಏಳದೆ ಹೋದದ್ದು, ಮನಸ್ಸಿನ ಡಾಕ್ಟರ ಕಡೆ ಹೋದದ್ದು, ಇವತ್ತಿಗೂ ಗುಳಿಗೆ ನುಂಗುತ್ತಿರುವುದು, ಈಗ ಮತ್ತೆ ಓಡುತ್ತಿರುವುದು, ಎಲ್ಲ ಹೇಳಿಬಿಟ್ಟಳು. ಆ ವಿಡಿಯೋ ಇಂಡಿ ತಾಲೂಕಿನ ಯಾರ ಫೋನು ತೆಗೆದರೂ ಇತ್ತು.

ಬಂದ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಮೋದಿನಸಾಬ ಅದೇ ಮಾತು ತೆಗೆದ.

"ಅಲ್ಲವ್ವ, ಕಾಲಿನ ಮಾತು ಹೇಳಿದಿ, ಬರೋಬ್ಬರಿ ಆತು. ತಲಿ ಗುಳಿಗಿ ಮಾತು ಯಾಕ ಹೇಳಬೇಕಿತ್ತು?"

"ಕಾಲೂ ನಂದೇ, ತಲೀನೂ ನಂದೇ ಅಪ್ಪಾ. ಒಂದು ಹೇಳಿ ಒಂದು ಮುಚ್ಚಿಡೂದು ಹೆಂಗ?"

"ನಾಳೆ ನಿನ್ನ ನೋಡಾಕ ಬಂದವರು ಕೇಳಿದ್ರ ನಾ ಏನ ಹೇಳಲಿ?" ಎಂದು ತಾಯಿ ಸುಲ್ತಾನಬಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ವಿಡಿಯೋ ತೋರಸು ಯವ್ವಾ. ಹೇಳೂ ತ್ರಾಸ ತಪ್ಪತೈತಿ."

ಅಣ್ಣ ಮುಕ್ತಾರ ನಕ್ಕ. ಅವನು ಸುತ್ತಲಿನ ತೋಟಗಳ ಲಿಂಬೆಹಣ್ಣು ಹಿಡಿದು ವಿಜಯಪುರಕ್ಕೆ ಕಳಿಸುವವನು. ದಿನಕ್ಕೆ ನೂರು ಮಂದಿಯೊಡನೆ ಮಾತು. "ಎಲ್ಲಾ ಕಡೆ ನಿನ್ನ ಸುದ್ದೀನೇ ಐತಿ. ಭಾಳ ಧೈರ್ಯದಾಕಿ ನಿಮ್ಮ ತಂಗಿ ಅಂತಾರ" ಎಂದ. ರೊಟ್ಟಿ ಬಡಿಯುತ್ತಿದ್ದ ಶಾಹಿಸ್ತಾಳ ಕೈ ನಿಂತಿತು. ಮತ್ತೆ ಬಡಿಯತೊಡಗಿದಾಗ ಸದ್ದು ಜಾಸ್ತಿಯಾಗಿತ್ತು.

"ಮೆಲ್ಲಕ ಬಡಿಯವ್ವ, ರೊಟ್ಟಿ ಹರೀತೈತಿ" ಎಂದಳು ಸುಲ್ತಾನಬಿ.

ಶಾಹಿಸ್ತಾ ಈ ಮನೆಗೆ ಹೊರಗಿನವಳಲ್ಲ. ಸುಲ್ತಾನಬಿಯ ತಮ್ಮನ ಮಗಳು, ಹಿಂದಿನ ಓಣಿಯಲ್ಲೇ ಹುಟ್ಟಿ ಬೆಳೆದವಳು. ನಿಷತಳಿಗೆ ಓಟದ ಹುಚ್ಚು ಹಚ್ಚಿದವಳೂ ಈಕೆಯೇ. ಇಂಡಿಯ ತಾಲೂಕು ಕೂಟದ ಸಾವಿರದ ಐದುನೂರು ಮೀಟರಿನಲ್ಲಿ ಶಾಹಿಸ್ತಾ ಮೊದಲು ಬಂದಾಗ ಎರಡು ವರ್ಷ ಚಿಕ್ಕವಳಾದ ನಿಷತ ಅರ್ಧ ಸುತ್ತು ಹಿಂದೆ ಬಿದ್ದು ಅಳುತ್ತಿದ್ದಳು. ಶಾಹಿಸ್ತಾಳಿಗೆ ಹದಿನೆಂಟು ತುಂಬಿತೋ ಇಲ್ಲವೋ, ಸುಲ್ತಾನಬಿ ತಮ್ಮನ ಮನೆಗೆ ಸಕ್ಕರೆ ಹಿಡಿದುಕೊಂಡು ಹೋಗಿ ಮುಕ್ತಾರನಿಗೆ ಹೆಣ್ಣು ಕೇಳಿದಳು. ಅದುವರೆಗೆ ಅತ್ತೆಯನ್ನು 'ನೀ' ಎನ್ನುತ್ತಿದ್ದವಳು 'ನೀವು' ಎನ್ನಬೇಕಾಯಿತು. ಓಟ ಅಲ್ಲಿಗೆ ಮುಗಿಯಿತು. ಸೊಸೆಯನ್ನು ನಿಲ್ಲಿಸಿದ ಇದೇ ಮನೆ ಮಗಳನ್ನು ಓಡಲು ಬಿಟ್ಟಿತು.

ಅದನ್ನೂ ಆಕೆ ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದೆ ಉಳಿದದ್ದು ಬೇರೆಯೇ ಇತ್ತು. ಏಳು ವರ್ಷದ ಹಿಂದೆ ಎರಡನೆಯ ಹೆರಿಗೆಯ ಗಂಡುಕೂಸು ಸಿಂದಗಿಯ ಆಸ್ಪತ್ರೆಯಲ್ಲಿ ಮೂರನೇ ದಿನಕ್ಕೆ ತೀರಿಕೊಂಡಿತು. ಬರಿಗೈಯಲ್ಲಿ ಮನೆಗೆ ಬಂದವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಹನ್ನೊಂದು ದಿನ ಮಲಗಿದಳು. ಯಾವ ಡಾಕ್ಟರೂ ಬರಲಿಲ್ಲ, ಅದಕ್ಕೊಂದು ಹೆಸರೂ ಇರಲಿಲ್ಲ. ಹನ್ನೆರಡನೇ ದಿನ ಎದ್ದು ರೊಟ್ಟಿಗೆ ಕೂತಳು. ಅಂದಿನಿಂದ ಇಂದಿನವರೆಗೆ ಎಷ್ಟೋ ಬೆಳಗು ಕಣ್ಣು ಬಿಡಲೇ ಮನಸ್ಸಾಗುವುದಿಲ್ಲ, ಆದರೂ ಏಳುತ್ತಾಳೆ. ಈಗ ನೋಡಿದರೆ ಮಲಗಿದ್ದಕ್ಕೂ ಹೊಗಳಿಸಿಕೊಳ್ಳುವ ಪುಣ್ಯವಂತರಿದ್ದಾರೆ! ಶಾಹಿಸ್ತಾ ಆ ವಿಡಿಯೋವನ್ನು ಹಿತ್ತಲಲ್ಲಿ ಒಬ್ಬಳೇ ಕೂತು ಆರು ಸಲ ನೋಡಿದಳು. ಪ್ರತಿ ಸಲವೂ ಮೈಯೆಲ್ಲ ಉರಿಯಿತು.

ಮರುದಿನ ನಿಷತ ಅಡುಗೆಮನೆಗೆ ಬಂದು ಮಣೆ ಎಳೆದುಕೊಂಡು ಕೂತಳು.

"ವೈನಿ, ಒಂದು ಮಾತು ನಡಸಿ ಕೊಡಬೇಕು. ಒಂದೂವರೆ ತಿಂಗಳಿಗೆ ಕೂಟ ಐತಿ. ಓಟ ಮುಗಿದ ಮ್ಯಾಲೆ ಉಚ್ಚಿ ತಗೊಂಡು ತಪಾಸ ಮಾಡ್ತಾರ. ಕೆಮ್ಮಿನ ಔಷಧ ಸುದ್ದಾ ಕೇಳದ ಕುಡಿಯೂ ಹಂಗಿಲ್ಲ ನಾ. ಸ್ಟಿರಾಯ್ಡ್ ಅಂತಾವು ಅಪ್ಪಿತಪ್ಪಿ ಹೊಟ್ಟ್ಯಾಗ ಹೋದ್ರೂ ನಾಕು ವರ್ಷ ಓಡಾಕ ಬಿಡಂಗಿಲ್ಲ. ನಾಕು ವರ್ಷ ಅಂದ್ರ ನನ್ನ ಕಥಿ ಮುಗೀತು."

"ನನಗ್ಯಾಕ ಹೇಳತಿ? ನಿಮ್ಮವ್ವಗ ಹೇಳು."

"ಅವ್ವಗ ಹೇಳೇನಿ. ಆಕಿಗೆ ಔಷಧಕ್ಕೂ ಕಷಾಯಕ್ಕೂ ಫರಕ ತಿಳಿಯಂಗಿಲ್ಲ. ಅಡಗಿ ಮನಿ ನಿನ್ನ ಕೈಯಾಗ ಐತಿ. ನೀ ಸಾಲಿ ಕಲತಾಕಿ, ನೀ ನೋಡ್ಕೋ."

"ಆತು" ಎಂದಳು ಶಾಹಿಸ್ತಾ. ಇದ್ದ ಕೆಲಸ ಸಾಲದು ಅಂತ ಇದೊಂದು ಬಂತು ಎಂದು ಒಳಗೊಳಗೇ ಗೊಣಗಿದಳು.

ಕೆಲಸವೇನೋ ಬೆಳೆಯಿತು. ಬೆಳಿಗ್ಗೆ ಎಂಟು ಬಾದಾಮಿ ಸುಲಿಯಬೇಕು, ಎರಡು ಮೊಟ್ಟೆ ಕುದಿಸಬೇಕು, ಕಾಲುವೆ ದಂಡೆಯ ಮೇಲೆ ಓಡಿ ಬಂದವಳಿಗೆ ಅರ್ಧ ಲೀಟರು ಹಾಲು ಕಾಯಿಸಿ ಕೊಡಬೇಕು. ಅತ್ತೆ ಎಮ್ಮೆಯ ಹಾಲು ಮಾರುವುದನ್ನೇ ನಿಲ್ಲಿಸಿದಳು. ಶುಕ್ರವಾರ ಮಟನ್ ತಂದರೆ ಕಲೇಜಿ ಮೊದಲು ನಿಷತಳ ತಾಟಿಗೆ. ಹಿಂದೆ ಶಾಹಿಸ್ತಾ ಬಾಣಂತನದಲ್ಲಿ ಒಂದು ತುಣುಕು ಕಲೇಜಿ ಕೇಳಿದ್ದಕ್ಕೆ "ಗಂಡಸರು ಉಂಡು ಉಳಿದ್ರ ತಿನ್ನಂತಿ" ಎಂದಿದ್ದ ಅತ್ತೆಯ ಬಾಯಿಯೇ ಈಗ "ತಿನ್ನು ಮಗಳs, ರಕ್ತ ಆಗ್ತೈತಿ" ಎನ್ನುತ್ತಿತ್ತು. ಇಷ್ಟರ ಮೇಲೆ ಫೋನುಗಳು ಬೇರೆ. ಮುದ್ದೇಬಿಹಾಳದಿಂದ ಯಾರೋ ತಾಯಿ, ತನ್ನ ಮಗಳೂ ಹೀಗೇ ಮಲಗಿದ್ದಾಳೆಂದು ಅರ್ಧ ತಾಸು ಅತ್ತಳು. ನಿಷತ ಅಂಗಳದಲ್ಲಿ ಅಡ್ಡಾಡುತ್ತ ಆಕೆಗೆ ಸಮಾಧಾನ ಹೇಳಿದಳು. ಗೊತ್ತಿಲ್ಲದ ಊರಿನವರಿಗೆ ಹೇಳಲು ಸಮಾಧಾನ ಇತ್ತು, ಒಳಗೆ ಪಾತ್ರೆ ತಿಕ್ಕುವವಳಿಗೆ ಇರಲಿಲ್ಲ ಎಂದುಕೊಂಡಳು ಶಾಹಿಸ್ತಾ.

ಹೆಚ್ಚು ಚುಚ್ಚಿದ್ದು ಹೊಟ್ಟೆಯ ಮಗಳು. ಒಂಬತ್ತು ವರ್ಷದ ಮುಬೀನಾ ಬೆಳಗಾದರೆ ಬೂಟು ಕಟ್ಟಿಕೊಂಡು, ತಾನು ಪುಪ್ಪು ಎಂದು ಕರೆಯುವ ಸೋದರತ್ತೆ ನಿಷತಳ ಹಿಂದೆ ಕಾಲುವೆಗೆ ಓಡುತ್ತಿದ್ದಳು. ಒಂದು ದಿನ ಬಂದು ಏದುಸಿರು ಬಿಡುತ್ತ, "ಪುಪ್ಪುನಂಗ ಓಡಾವ್ರು ನಮ್ಮೂರಾಗ ಯಾರೂ ಇಲ್ಲ" ಎಂದಳು.

"ನಿಮ್ಮವ್ವ ನನ್ನಕಿಂತ ಜೋರ ಓಡ್ತಿದ್ಲು" ಎಂದಳು ನಿಷತ.

"ಅವ್ವಾ? ಅವ್ವ ಬಸ್ ಹಿಡಿಯಾಕ ಸುದ್ದಾ ಓಡಂಗಿಲ್ಲ!"

ಎಲ್ಲರೂ ನಕ್ಕರು. ಮುಕ್ತಾರ ಚಹಾ ಚೆಲ್ಲುವಷ್ಟು ನಕ್ಕ. ಶಾಹಿಸ್ತಾಳೂ ನಕ್ಕಳು. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಗಳ ಬೂಟುಗಳನ್ನು ಬಡಿದು ಬಡಿದು ಮಣ್ಣು ಕೆಡವಿದಳು.

ನಾಲ್ಕನೇ ವಾರದಲ್ಲಿ ನಿಷತಳ ಮುಂಗಾಲು ಮತ್ತೆ ನೋಯತೊಡಗಿತು. ದೂರ ಕಡಿಮೆ ಮಾಡಿದಳು, ಮಂಜುಗಡ್ಡೆ ಇಟ್ಟುಕೊಂಡು ಕೂತಳು. ಮುಖ ಬಾಡಿತು. ಸುಲ್ತಾನಬಿಗೆ ಜೀವ ತಡೆಯಲಿಲ್ಲ. ಸಂತೆಯ ದಿನ ಬಸ್ಸು ಹತ್ತಿ ದೇವರ ಹಿಪ್ಪರಗಿಗೆ ಹೋಗಿ, ಬೇವಿನ ಮರದ ಕೆಳಗೆ ಬೇರು, ತೊಗಟೆ ಹರವಿಕೊಂಡು ಕೂರುವವನ ಕಡೆಯಿಂದ ಒಂದು ಪೊಟ್ಟಣ ತಂದಳು. ಆಕೆಯ ಮೊಣಕಾಲು ನೋವು ಎರಡೇ ದಿನಕ್ಕೆ ಬಿಟ್ಟದ್ದು ಅದೇ ಪುಡಿಯಿಂದ. ಮರುದಿನ ಬೆಳಿಗ್ಗೆ ನಿಷತಳ ಹಾಲಿಗೆ ಅರಿಷಿಣದ ಜೊತೆ ಅರ್ಧ ಚಮಚ ಅದನ್ನೂ ಹಾಕಿ ಕದಡಿದಳು.

"ಅತ್ತಿ, ಏನದು?" ಎಂದಳು ಶಾಹಿಸ್ತಾ.

"ಮೊಣಕಾಲ ಪುಡಿ."

"ಆಕಿ ಏನೂ ಕೊಡಬ್ಯಾಡ್ರಿ ಅಂದಾಳಲ್ರಿ."

"ಔಷಧ ಕೊಡಬ್ಯಾಡ ಅಂದಾಳ. ಇದು ಔಷಧ ಅಲ್ಲ, ಗಿಡದ ಬೇರು."

"ಇದನ್ನ ತಿಂದs ನಮ್ಮವ್ವನ ಮಾರಿ ಊದಿತ್ರಿ."

"ರಾಜಬಿಗೆ ಪಥ್ಯ ಮಾಡಾಕ ಬರಲಿಲ್ಲ, ಊದಿತು. ನನ್ನ ಮಗಳಿಗೆ ಏನ ಕೊಡಬೇಕು ಅಂತ ನೀ ನನಗ ಕಲಸಬ್ಯಾಡ. ಒಯ್ದು ಕೊಡು, ಆರತೈತಿ."

ಶಾಹಿಸ್ತಾಳ ತಾಯಿ ರಾಜಬಿಯನ್ನು ಸಿಂದಗಿಗೆ ಕರೆದುಕೊಂಡು ಹೋಗಿದ್ದು ಶಾಹಿಸ್ತಾಳೇ. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಗುಳಿಗೆ ಅರೆದು ಬೆರೆಸಿರುತ್ತಾರೆ, ಅದಕ್ಕೇ ನೋವು ಥಟ್ಟನೆ ನಿಲ್ಲುತ್ತದೆ, ಇನ್ನು ಮುಟ್ಟಬೇಡಿ ಎಂದು ಅಲ್ಲಿನ ಡಾಕ್ಟರು ಬಿಡಿಸಿ ಹೇಳಿದ್ದರು. ಆ ಹೆಸರು ಆಕೆಗೆ ಚೆನ್ನಾಗಿ ನೆನಪಿತ್ತು. ಓಟಗಾರರು ಯಾವುದಕ್ಕೆ ಸಿಕ್ಕಿ ಬೀಳುತ್ತಾರೆಂದು ನಿಷತ ಹೇಳಿದಾಗಲೂ ಅದೇ ಹೆಸರು ಬಂದಿತ್ತು.

ಅತ್ತೆಗೆ ಹೇಳಿದೆನಲ್ಲ, ನನ್ನ ಜವಾಬ್ದಾರಿ ಮುಗಿಯಿತು ಎಂದುಕೊಂಡಳು. ಎಂಥ ಜವಾಬ್ದಾರಿ! ಅಡುಗೆಮನೆಯಿಂದ ಪಡಸಾಲೆಗೆ ಹತ್ತು ಹೆಜ್ಜೆ. ಅಲ್ಲಿ ಕೂತವಳಿಗೆ "ಕುಡೀಬ್ಯಾಡ" ಅಂದಿದ್ದರೆ ಸಾಕಿತ್ತು. ಶಾಹಿಸ್ತಾ ಲೋಟ ಕೈಗೆ ಕೊಟ್ಟು, ನಿಷತ ಗಟಗಟ ಕುಡಿದು ಮೇಲ್ದುಟಿ ಒರೆಸಿಕೊಳ್ಳುವವರೆಗೆ ನಿಂತು ನೋಡಿ, ಖಾಲಿ ಲೋಟ ಇಸಿದುಕೊಂಡು ಬಂದಳು.

ಎರಡನೇ ದಿನ ಲೋಟ ಕೊಟ್ಟು ಮುಖ ಆಚೆ ತಿರುಗಿಸಿದಳು. ಮೂರನೇ ದಿನ ತಿರುಗಿಸಲಿಲ್ಲ.

ನಾಲ್ಕನೇ ದಿನ ನಿಷತಳ ಕಾಲು ನೋವು ಹೇಳಹೆಸರಿಲ್ಲದಂತೆ ಹೋಯಿತು. ಕಾಲುವೆ ದಂಡೆಯ ಮೇಲೆ ಎರಡು ವರ್ಷದಲ್ಲಿ ಓಡದಷ್ಟು ಜೋರಾಗಿ ಓಡಿ ಬಂದು ತಾಯಿಯನ್ನು ಅಪ್ಪಿಕೊಂಡಳು, ಮುಬೀನಾಳನ್ನು ಎತ್ತಿ ತಿರುಗಿಸಿದಳು, ಶಾಹಿಸ್ತಾಳ ಗಲ್ಲ ಹಿಂಡಿದಳು. "ವೈನಿ, ನಿನ್ನ ಹಾಲಿನ್ಯಾಗ ಏನೋ ಐತಿ ನೋಡು!" ಎಂದು ನಕ್ಕಳು. ಒಲೆಯ ಮುಂದಿದ್ದ ಸುಲ್ತಾನಬಿ ಸೊಸೆಯ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಶಾಹಿಸ್ತಾ ಎಂಟು ಬಾದಾಮಿ ಸುಲಿದು, ಎಣಿಸಿ ಬಟ್ಟಲಿಗೆ ಹಾಕಿದಳು.

ಆರನೇ ದಿನ ಬಸವನ ಬಾಗೇವಾಡಿಯ ಹೆಣ್ಣುಮಕ್ಕಳ ಕಾಲೇಜಿನವರು ನಿಷತಳನ್ನು ಮಾತಿಗೆ ಕರೆದರು. ಒಬ್ಬಳನ್ನೇ ಕಳಿಸಲು ಸುಲ್ತಾನಬಿ ಒಪ್ಪದೆ ಶಾಹಿಸ್ತಾಳನ್ನು ಜೊತೆ ಮಾಡಿದಳು. ಮದುವೆ ಮನೆಗಳಿಗೆಂದು ಎತ್ತಿಟ್ಟಿದ್ದ ಹಸಿರು ಸೀರೆ ಉಟ್ಟು ಹೋದ ಶಾಹಿಸ್ತಾಳನ್ನು ಹಿಂದಿನ ಸಾಲಿನಲ್ಲಿ ಕೂಡಿಸಿದರು. ನಿಷತ ಮೈಕಿನ ಮುಂದೆ ನಿಂತು ಕಾಲಿನದೂ ಮನಸ್ಸಿನದೂ ಎಲ್ಲ ಹೇಳಿದಳು. ಕಡೆಗೆ ಒಬ್ಬ ಹುಡುಗಿ ಎದ್ದು, "ಮನ್ಯಾಗ ಇಂಥಾವ್ರಿದ್ರ ನಾವೇನು ಮಾಡಬೇಕ್ರಿ?" ಎಂದು ಕೇಳಿದಳು.

ನಿಷತ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಾ ಮಾಡಿದಂಗ ಮಾಡಬ್ಯಾಡ್ರಿ. ನನ್ನಕಿಂತ ಮೊದಲ ನಮ್ಮ ಮನ್ಯಾಗ ಒಬ್ಬಾಕಿ ಹಿಂಗ ಮಲಗಿದ್ಲು. ಕೂಸು ತೀರಿಕೊಂಡಿತ್ತು. ನಾ ಆಗ ಸೂಟಿಗೆ ಬಂದಿದ್ದೆ. ಹನ್ನೆರಡನೇ ದಿನ ಹೋಗಿ ಆಕಿ ಹೊದ್ದ ಚಾದರ ಎಳದು, ಏಳು, ಎಷ್ಟು ದಿನ ನಾಟಕ ಮಾಡತಿ ಅಂದೆ. ಪಾಪ, ಎದ್ದಳು. ನನಗ ಬಂದಾಗ ತಿಳೀತು, ನಾ ಎಂಥಾ ಮಾತಾಡಿದ್ದೆ ಅಂತ."

ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ಮುಂದೆ ಕೂತ ಮೇಡಂ ಒಬ್ಬರು ಕಣ್ಣೊರೆಸಿಕೊಂಡರು. ಹಿಂದಿನ ಸಾಲಿನಲ್ಲಿದ್ದ ಶಾಹಿಸ್ತಾಳಿಗೆ ಆ ಬೆಳಗು ನೆನಪಾಯಿತು. ಚಾದರ ಎಳೆದ ಕೈ ನೆನಪಾಯಿತು. ಕರಗಬೇಕಾಗಿತ್ತು, ಕರಗಲಿಲ್ಲ. ಸಿಟ್ಟು ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಕಂಡಕ್ಟರು ಆಧಾರ್ ಕಾರ್ಡು ನೋಡಿ ಎರಡು ಪುಕ್ಕಟೆ ಟಿಕೇಟು ಹರಿದು ಕೊಟ್ಟು ಮುಂದೆ ಹೋದ ಮೇಲೆ ಶಾಹಿಸ್ತಾ ಬಾಯಿ ತೆರೆದಳು.

"ನನ್ನ ಕೂಸಿನ ಮಾತು ಅಲ್ಲಿ ಆಡಾಕ ನಿನಗ ಯಾರು ಹೇಳಿದ್ರು?"

"ನಿನ್ನ ಹೆಸರು ತಗೊಂಡಿಲ್ಲ ವೈನಿ."

"ಹೆಸರು ತಗೋಬೇಕಿತ್ತೇನು? ನಿನ್ನ ಕಾಲು ಹೇಳು, ನಿನ್ನ ತಲಿ ಹೇಳು, ಊರ ಮಂದಿಗೆಲ್ಲ ಹೇಳು. ನಂದು ಹೇಳಿ ಯಾಕ ಚಪ್ಪಾಳಿ ತಗೋತಿ? ನನಗೊಂದs ಇತ್ತು ಅದು. ಅದೂ ನಿನಗ ಬೇಕಾತೇನು?"

ಮುಂದಿನ ಸೀಟಿನವರು ತಿರುಗಿ ನೋಡಿದರು. ನಿಷತಳ ಮುಖ ಬಿಳಚಿಕೊಂಡಿತು.

"ತಪ್ಪಾತು. ಮೊದಲ ನಿನ್ನ ಕೇಳಬೇಕಿತ್ತು. ನಿನ್ನ ಮುಂದ ಹೇಳಬೇಕು ಅಂತ ಎರಡು ವರ್ಷದಿಂದ ನೋಡಾಕತ್ತೇನಿ, ಬಾಯಿ ಬರಲಿಲ್ಲ. ಮಂದಿ ಮುಂದ ಹೇಳೂದು ಹಗರಾತು."

"ಹಗರ ಆಗ್ತೈತಿ. ನಿನ್ನ ಮಾತು ಕೇಳಿ ಮಂದಿ ಚಪ್ಪಾಳಿ ಹೊಡೀತಾರ, ಎದ್ದು ರೊಟ್ಟಿ ಬಡೀ ಅನ್ನಂಗಿಲ್ಲಲ್ಲ."

ಹಿಪ್ಪರಗಿಯಲ್ಲಿ ಬಸ್ಸು ಬದಲಿಸಿದ ಮೇಲೆ ಶಾಹಿಸ್ತಾ ಬೇರೆ ಸೀಟಿನಲ್ಲಿ ಕೂತಳು. ಮರುದಿನ ಬೆಳಿಗ್ಗೆ ಶಾಹಿಸ್ತಾ ಪುಡಿ ಕದಡಿದ ಹಾಲು ಒಯ್ದು ನಿಷತಳ ಮುಂದೆ ಕುಕ್ಕಿದಳು. ಕುಡಿ, ಎಂದಿತು ಮನಸ್ಸು. ನಾಲ್ಕು ವರ್ಷ ನೀನೂ ಕೂಡು ಮನೆಯಲ್ಲಿ. ಹೀಗೆ ಆಕೆ ಅಂದುಕೊಂಡದ್ದು ಸುಳ್ಳಲ್ಲ. ಅವತ್ತು ಮಧ್ಯಾಹ್ನ ಮಾತ್ರ ತನ್ನ ತಾಟಿನ ಊಟವನ್ನು ಹಾಗೇ ಒಯ್ದು ಎಮ್ಮೆಯ ಮುಂದೆ ಸುರಿದಳು.

ಒಂಬತ್ತನೇ ದಿನ ಶುಕ್ರವಾರ. ನಮಾಜು ಮುಗಿಸಿ ಗಂಡಸರು ಬಂದಿದ್ದರು, ಎಲ್ಲರೂ ಊಟಕ್ಕೆ ಕೂತಿದ್ದರು. ಕೂಟಕ್ಕೆ ಒಂದೇ ವಾರ ಉಳಿದಿತ್ತು. ನಿಷತ ಎಡಗೈಯಲ್ಲಿ ಒಂದು ಹಾಳೆ ಹಿಡಿದುಕೊಂಡು ಬಂದಳು.

"ವೈನಿ, ಇದನ್ನೊಂದು ನೋಡು. ತಪಾಸ ಮಾಡೂ ಮುಂದ ಈಗೀಗ ಏನೇನು ತಗೊಂಡೀವಿ ಅಂತ ಬರದು ಕೊಡಬೇಕು. ಮರೀತೇನಿ ಅಂತ ಈಗs ಬರದೇನಿ. ಮನಸ್ಸಿನ ಗುಳಿಗಿ, ಒಂದು. ಕಬ್ಬಿಣಾಂಶದ ಗುಳಿಗಿ, ಎರಡು. ಮತ್ತೇನೂ ಇಲ್ಲ. ಕೆಳಗ ಸಹಿ ಮಾಡ್ತೇನಿ, ಸುಳ್ಳಾಗಬಾರದು. ಮನ್ಯಾಗಿನ ಊಟ ನಿನಗs ಗೊತ್ತು. ಮತ್ತೇನೂ ಇಲ್ಲ ಹೌದಿಲ್ಲೋ?"

ಸುಲ್ತಾನಬಿ ಸೊಸೆಯ ಕಡೆ ನೋಡಿ ಕಣ್ಣಿನಲ್ಲೇ ಬೇಡವೆಂದಳು. ಹಾಳೆಯ ಮೇಲೆ ಎರಡೇ ಸಾಲು. ಅದರ ಕೆಳಗೆ ಬೇಕಾದಷ್ಟು ಜಾಗ. ನಿಷತ ಆ ಬಸ್ಸಿನ ಜಗಳ ಮರೆತವಳಂತೆ, ಆಕೆಯ ಒಂದು ಮಾತಿನ ಮೇಲೆ ಸಹಿ ಹಾಕಲು ಪೆನ್ನು ಹಿಡಿದು ಕೂತಿದ್ದಳು.

"ಮೂರು ಅಂತ ಬರಿ" ಎಂದಳು ಶಾಹಿಸ್ತಾ. "ಹಿಪ್ಪರಗಿ ಸಂತಿ ಪುಡಿ. ಒಂಬತ್ತು ದಿನದಿಂದ ಹಾಲಿನ್ಯಾಗ."

ಸುಲ್ತಾನಬಿ, "ಅದು ಔಷಧ ಅಲ್ಲ, ಬೇರು..." ಎಂದು ತೊದಲಿದಳು. ನಿಷತ ತಾಟು ಬಿಟ್ಟೆದ್ದು ಫೋನು ಹಿಡಿದು ಅಂಗಳಕ್ಕೆ ಹೋದಳು. ಕೋಚಿನೊಡನೆ ಆಕೆ ಆಡಿದ್ದು ಒಳಗೆಲ್ಲ ಕೇಳಿಸಿತು. ಏನು ಪುಡಿ, ಎಷ್ಟು ದಿನ, ಯಾರು ತಂದದ್ದು, ಒಂದನ್ನೂ ಬಿಡದೆ ಹೇಳಿದಳು. ಬಂದಾಗ ಮುಖದಲ್ಲಿ ಜೀವ ಇರಲಿಲ್ಲ.

"ಹೆಸರು ಹಿಂದ ತಗೋ ಅಂದ್ರು. ಪುಡಿ ತಪಾಸಿಗೆ ಕಳಸಬೇಕಂತ. ಇದ್ದದ್ದೆಲ್ಲ ಬರದು ತಪಾಸದವರಿಗೆ ತಿಳಿಸ್ತೇನಿ, ಮುಂದ ಏನಾಗ್ತೈತೋ ಆಗಲಿ ಅಂದೇನಿ. ಈ ವರ್ಷಂತೂ ಓಟ ಇಲ್ಲ."

ಸುಲ್ತಾನಬಿ ಹಣೆ ಹಣೆ ಬಡಿದುಕೊಂಡಳು. "ನನ್ನ ಕೈ ಸೇದಿಹೋಗ್ಲಿ. ಮಗಳ ಬಾಳೇವು ನಾನs ಹಾಳ ಮಾಡಿದೆ."

"ಅವ್ವಗ ತಿಳೀಲಿಲ್ಲ, ಬಿಡು" ಎಂದ ಮುಕ್ತಾರ.

ಮೋದಿನಸಾಬ ಬಹಳ ಹೊತ್ತು ಗಡ್ಡ ಸವರಿಕೊಂಡು, "ಓಡಿ ಸಿಕ್ಕಿಬಿದ್ದಿದ್ರ ಮಾನಾನೂ ಹೋಗ್ತಿತ್ತು. ಸೊಸಿ ಇದ್ದದ್ದಕ್ಕ ಉಳಿದ್ವಿ. ಬಂಗಾರದಂಥಾ ಹುಡಿಗಿ ನಮ್ಮ ಶಾಹಿಸ್ತಾ" ಎಂದ.

ಮದುವೆಯಾಗಿ ಹನ್ನೊಂದು ವರ್ಷಕ್ಕೆ ಈ ಮನೆಯಲ್ಲಿ ಶಾಹಿಸ್ತಾಳಿಗೆ ಸಿಕ್ಕ ಮೊದಲ ಹೊಗಳಿಕೆ ಅದು. ಮುಬೀನಾ ಸುದ್ದಾ ತಾಯಿಯನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಅತ್ತೆ ತಲೆ ತಗ್ಗಿಸಿಕೊಂಡು ಅಳುತ್ತಿದ್ದಳೇ ಹೊರತು, ಇವಳಿಗೂ ಗೊತ್ತಿತ್ತು ಎಂದು ಬಾಯಿ ಬಿಡಲಿಲ್ಲ. ಶಾಹಿಸ್ತಾ ಸುಮ್ಮನಿದ್ದಿದ್ದರೆ ಆ ಹೊಗಳಿಕೆ ಆಕೆಗೇ ಉಳಿಯುತ್ತಿತ್ತು.

"ನಿನಗ ಇವತ್ತ ತಿಳೀತೇನು ವೈನಿ?" ಎಂದು ನಿಷತ ಮೆಲ್ಲಗೆ ಕೇಳಿದಳು.

"ಇಲ್ಲ. ಮೊದಲನೇ ದಿನದಿಂದ ಗೊತ್ತಿತ್ತು. ಅದರಾಗ ಏನೈತಿ ಅನ್ನೂದೂ ಗೊತ್ತಿತ್ತು. ಲೋಟ ತಂದು ಕೊಟ್ಟಾಕಿ ನಾನs."

"ಮತ್ತ ಯಾಕ..."

"ಹೊಟ್ಟಿಕಿಚ್ಚು" ಎಂದಳು ಶಾಹಿಸ್ತಾ.

ಮುಕ್ತಾರ ತಾಟು ಸರಿಸಿ ಎದ್ದು ನಿಂತ. "ಏ, ನಿನಗೇನಾಗೇತಿ?"

ಗದರಿಸಿದ್ದು ಅವನು. ಆದರೆ ಶಾಹಿಸ್ತಾ ಅವನ ಮುಖವನ್ನೇ ನೋಡುತ್ತ ಉತ್ತರ ಕೊಟ್ಟಳು.

"ಏಳು ವರ್ಷದಾಗ ಇವತ್ತ ಕೇಳಿದ್ರಿ ನೀವು. ಕೂಸು ಹೋದಾಗಿಂದ ಏನೋ ಆಗೇತ್ರಿ ನನಗ. ಮುಂಜಾನೆ ಏಳಾಕ ಆಗಂಗಿಲ್ಲ, ಏಳ್ತೇನಿ. ಉಂಡದ್ದು ರುಚಿ ಹತ್ತಂಗಿಲ್ಲ, ಉಣ್ತೇನಿ. ಕಾಲುವಿ ಮ್ಯಾಲೆ ಹೋದ್ರ ನೀರು ನೋಡಿಕೋತ ನಿಂತುಬಿಡ್ತೇನಿ, ಅದಕ್ಕs ಅತ್ತಾಗ ಹೋಗೂದs ಬಿಟ್ಟೇನಿ. ಯಾರಿಗೆ ಹೇಳಲಿ? ಈಕಿ ಮಲಗಿದ್ರ ಅದಕ್ಕೊಂದು ಹೆಸರು, ಡಾಕ್ಟರು, ವಿಡಿಯೋ. ನಾ ಮಲಗಿದ್ರ ನಾಟಕ. ಈಕಿ ಓಡೂದು ಕಂಡು ಹೊಟ್ಟಿ ಉರೀಲಿಲ್ರಿ ನನಗ. ಈಕಿ ಹೇಳೂದು, ಮಂದಿ ಕೇಳೂದು ಕಂಡು ಉರೀತು."

ಎದ್ದು ನಿಂತಿದ್ದ ಮುಕ್ತಾರ ಮತ್ತೆ ಕೂತ. ನಿಷತ ಎರಡೇ ಸಾಲಿದ್ದ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಆಮೇಲಿನ ನಾಲ್ಕು ದಿನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ನಿಷತ ತನ್ನ ಹಾಲು ತಾನೇ ಕಾಯಿಸಿಕೊಂಡಳು. ಸುಲ್ತಾನಬಿ ಮಗಳ ಮುಂದೆಯೂ ಸೊಸೆಯ ಮುಂದೆಯೂ ಕಳ್ಳಿಯಂತೆ ಓಡಾಡಿದಳು. ಮುಕ್ತಾರ ಒಂದು ಬೆಳಿಗ್ಗೆ ಯಾರೂ ಹೇಳದೆ ತಾನೇ ಚಹಾ ಮಾಡಿ, ಹೆಂಡತಿಯ ಹಾಸಿಗೆಯ ಬದಿಗೆ ತಂದಿಟ್ಟು ಮಾರ್ಕೆಟ್ಟಿಗೆ ಹೋದ. ಚಹಾದಲ್ಲಿ ಸಕ್ಕರೆ ವಿಪರೀತ ಇತ್ತು. ಶಾಹಿಸ್ತಾ ಅದನ್ನು ಪೂರಾ ಕುಡಿದಳು.

ಐದನೇ ದಿನ ಶಾಹಿಸ್ತಾ ಅಂಗಳದಲ್ಲಿ ಲಿಂಬೆಹಣ್ಣಿನ ರಾಶಿಯ ಮುಂದೆ ಕೂತು ದಪ್ಪನೆಯವು ಒಂದು ಕಡೆ, ಸಣ್ಣವು ಒಂದು ಕಡೆ ಆರಿಸುತ್ತಿದ್ದಳು. ನಿಷತ ಬಂದು ಎದುರಿಗೆ ಕೂತು ತಾನೂ ಆರಿಸತೊಡಗಿದಳು. ಅರ್ಧ ಚೀಲ ತುಂಬಿತು.

"ನಿನ್ನ ಮಾಫ್ ಮಾಡೇನಿ ಅಂತ ತಿಳೀಬ್ಯಾಡ" ಎಂದಳು ನಿಷತ. "ಆಗವಲ್ಲದು ನನಗ. ಒಂಬತ್ತು ದಿನ ನಿಂತು ನೋಡಿದಿ. ನೆನಪಾದ್ರ ಕೈ ಕಾಲು ತಣ್ಣಗಾಗ್ತಾವ."

"ಮಾಫ್ ಮಾಡು ಅಂತ ನಾನೂ ಕೇಳಿಲ್ಲ."

"ಬರೂ ಬುಧವಾರ ತಯಾರಾಗು. ವಿಜಯಪುರದಾಗ ಮನಸ್ಸಿನ ಡಾಕ್ಟರ ಕಡೆ ಚೀಟಿ ಹಚ್ಚೇನಿ, ನಿನ್ನ ಹೆಸರಿಗೆ. ಅಣ್ಣಗ ಹೇಳೇನಿ, ಬರ್ತಾನಂತ. ಅವ ಹೊರಗ ಕುಂದ್ರಲಿ. ನಿನಗ ಒಬ್ಬಾಕೀಗೇ ಹೋಗಾಕ ಅಂಜಿಕಿ ಆದ್ರ ನಾ ಒಳಗ ಬರ್ತೇನಿ."

ಶಾಹಿಸ್ತಾಳ ಕೈಯಲ್ಲಿದ್ದ ಹಣ್ಣು ಕೈಯಲ್ಲೇ ಉಳಿಯಿತು. ಕಣ್ಣು ತುಂಬಿ ಬಂತು. ಆದರೆ ಅದರ ಹಿಂದೆಯೇ, ಅದರ ಬೆನ್ನಿಗೇ, ಆ ಹಳೆಯ ಉರಿ ಎದ್ದಿತು. ವರ್ಷ ಹೋಯಿತು, ಓಟ ಹೋಯಿತು, ಮಾಫ್ ಮಾಡಲೂ ಆಗಿಲ್ಲ, ಆದರೂ ಇದನ್ನು ಮಾಡಬಲ್ಲಳಲ್ಲ ಇವಳು. ಇಲ್ಲಿಯೂ ಇವಳೇ ಮುಂದೆ.

"ಈಗೂ ಹೊಟ್ಟಿಕಿಚ್ಚು ಆಗಾಕತ್ತೈತಿ ನನಗ, ನಿನ್ನ ಕಂಡು" ಎಂದಳು ಶಾಹಿಸ್ತಾ.

ನಿಷತ ತಲೆ ಎತ್ತಲಿಲ್ಲ. ಒಂದು ಹಣ್ಣು ತಿರುಗಿಸಿ ನೋಡಿ ಸಣ್ಣವುಗಳ ಕಡೆ ಹಾಕಿದಳು.

"ಆಗಲಿ. ಬುಧವಾರ ಡಾಕ್ಟರಿಗೆ ಮೊದಲ ಅದನ್ನs ಹೇಳು."